ರಸೀದಿ ಹರಿದಾಗಲೇ ಗೊತ್ತಾಗುವ ಕಾನೂನು

ಸಣ್ಣ ಊರಿನವರಿಗೆ ನಗರಸಭೆಯ ಕಾನೂನು ಪರಿಚಯವಾಗುವುದು ಹೆಚ್ಚಾಗಿ ದಂಡದ ರಸೀದಿಯ ಮೂಲಕ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಲ್ಲೇ ನಿಷೇಧ ಬಂದಿದೆ. ಆದರೂ ಗಲ್ಲಾದ ಕೆಳಗಿನ ಕಟ್ಟು ಆರೋಗ್ಯ ನಿರೀಕ್ಷಕರ ಕೈಗೆ ಸಿಕ್ಕ ದಿನವೇ ಅಂಗಡಿಯವರು ‘ಇದು ಯಾವಾಗಿನಿಂದ ಸಾರ್?’ ಎಂದು ಕೇಳುತ್ತಾರೆ. ಗೊತ್ತಿಲ್ಲ ಎನ್ನುವುದು ನೆಪವಾಗಬಾರದು, ನಿಜ. ಆದರೆ ತಿಳಿಸಬೇಕಾದವರು ತಿಳಿಸಿದ್ದಾರೆಯೇ?

ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ, ಕಚೇರಿಗಳು ತಮ್ಮ ನಿಯಮಗಳನ್ನು ಯಾರೂ ಅರ್ಜಿ ಹಾಕದಿದ್ದರೂ ತಾವಾಗಿಯೇ ಪ್ರಕಟಿಸಬೇಕು. ಬಹಳಷ್ಟು ಕಡೆ ಈ ಕೆಲಸ ಸೂಚನಾಫಲಕಕ್ಕೆ ಹಾಳೆ ಅಂಟಿಸುವಲ್ಲಿಗೆ ಮುಗಿಯುತ್ತದೆ.

ಹೀಗೆ ಮುಚ್ಚಿಟ್ಟಂತಾಗುವುದರಿಂದ ದಂಡದ ಭಾಗ ಮಾತ್ರ ಜನರ ಬಾಯಿಗೆ ಬರುತ್ತದೆ, ಹಕ್ಕಿನ ಭಾಗ ಕಡತದಲ್ಲೇ ಉಳಿಯುತ್ತದೆ. ಬಸ್‌ ನಿಲ್ದಾಣದ ಬಳಿ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರುವವರನ್ನೇ ನೋಡಿ. ‘ತೆರವು ಕಾರ್ಯಾಚರಣೆ’ಯ ಬೆಳಿಗ್ಗೆ ಗಾಡಿ ಟ್ರ್ಯಾಕ್ಟರ್‌ ಏರುತ್ತದೆ, ಹಣ್ಣು ಕೊಳೆಯುತ್ತದೆ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಹೇಳುವುದೇ ಬೇರೆ. ಎಬ್ಬಿಸುವ ಮೊದಲು 30 ದಿನಗಳ ನೋಟಿಸ್ ಕೊಡಬೇಕು. ಸರಕು ವಶಪಡಿಸಿಕೊಂಡರೆ ಪಟ್ಟಿ ಮಾಡಿ ಅದರ ಪ್ರತಿಯನ್ನು ವ್ಯಾಪಾರಿಯ ಕೈಗಿಡಬೇಕು. ಹಾಳಾಗುವ ವಸ್ತುವಾದರೆ ಬಂದು ಕೇಳಿದ ದಿನವೇ, ಉಳಿದದ್ದನ್ನು ಎರಡು ಕೆಲಸದ ದಿನಗಳೊಳಗೆ ಹಿಂತಿರುಗಿಸಬೇಕು. ಈ ನಾಲ್ಕು ಮಾತು ಗೊತ್ತಿರುವ ವ್ಯಾಪಾರಿ ಕಚೇರಿಯ ಬಾಗಿಲಲ್ಲಿ ಕೈಮುಗಿದು ನಿಲ್ಲಬೇಕಿಲ್ಲ, ‘ಪಟ್ಟಿ ಎಲ್ಲಿ?’ ಎಂದು ಕೇಳಬಹುದು. ತೆರವಿಗೆ ಹೋಗುವ ಸಿಬ್ಬಂದಿಯಲ್ಲೂ ಎಷ್ಟು ಜನ ಇದನ್ನು ಓದಿರುತ್ತಾರೋ!

ಮರೆವು ನಮ್ಮ ಕಡೆಯಿಂದಲೂ ಇದೆ, ಅದು ಅನುಕೂಲದ ಮರೆವು. ಗೃಹಪ್ರವೇಶಕ್ಕೆ ರಸ್ತೆಗಡ್ಡ ಶಾಮಿಯಾನ ಹಾಕುತ್ತೇವೆ, ಊಟ ಮುಗಿದ ಮೇಲೆ ಎಲೆ, ಲೋಟ ಚರಂಡಿ ಪಾಲು. ಪರವಾನಗಿ ಇಲ್ಲದ ಜಾಗದಲ್ಲಿ ನೂರಕ್ಕಿಂತ ಹೆಚ್ಚು ಜನ ಸೇರುವುದಿದ್ದರೆ ಮೂರು ಕೆಲಸದ ದಿನ ಮುಂಚೆ ಸ್ಥಳೀಯ ಸಂಸ್ಥೆಗೆ ತಿಳಿಸಿ, ಕಸ ವಿಂಗಡಿಸಿ ಕೊಡಬೇಕೆಂದು 2016ರ ಘನತ್ಯಾಜ್ಯ ನಿಯಮಗಳೇ ಹೇಳಿದ್ದವು. ಹಾಗೆ ತಿಳಿಸಿದವರನ್ನು ನಾನಂತೂ ಕಂಡಿಲ್ಲ. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಕೂಡದೆಂಬುದು ಎಲ್ಲರಿಗೂ ಗೊತ್ತು. ಪಕ್ಕದ ಬೀದಿಯ ಆರ್ಕೆಸ್ಟ್ರಾ ಆದರಷ್ಟೇ ಅದು ನೆನಪಾಗುತ್ತದೆ.

ನಗರಸಭೆಯ ಉಪವಿಧಿ ಆಕಾಶದಿಂದ ಇಳಿಯುವುದಿಲ್ಲ ಎಂಬುದನ್ನು ಓದುಗರು ಮುಖ್ಯವಾಗಿ ತಿಳಿದಿರಬೇಕು. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಅಡಿ ಅದನ್ನು ಮಾಡುವುದು ನಾವೇ ಆರಿಸಿದ ಸದಸ್ಯರ ಕೌನ್ಸಿಲ್. ಮೊದಲು ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯಬೇಕು, ಆಮೇಲೆ ಸರ್ಕಾರದ ಒಪ್ಪಿಗೆ. ಕಸದ ಶುಲ್ಕ ಎಷ್ಟು, ದಂಡ ಎಷ್ಟು ಎಂಬ ಚೌಕಾಸಿಗೆ ಸರಿಯಾದ ಹೊತ್ತು ಅದು. ಆಗ ಒಂದು ಅರ್ಜಿಯನ್ನೂ ಕೊಡದೆ, ಜಾರಿಯಾದ ಮೇಲೆ ಆರೋಗ್ಯ ನಿರೀಕ್ಷಕರ ಜೊತೆ ಜಗಳ ಕಾಯುವುದರಲ್ಲಿ ಅರ್ಥವಿಲ್ಲ.

ಆದರೆ ಕರಡು ಬಂದಿದೆಯೆಂದು ಜನರಿಗೆ ಗೊತ್ತಾಗಬೇಕಲ್ಲ? ಅದು ಪೌರಾಯುಕ್ತರ ಹೊಣೆ. ಆಸ್ತಿ ತೆರಿಗೆಯ ಚಲನ್‌ನ ಹಿಂಬದಿ ಖಾಲಿಯೇ ಇರುತ್ತದೆ. ಕಸದ ಆಟೋ ದಿನವೂ ಹಾಡು ಹಾಕಿಕೊಂಡು ಮನೆಮುಂದೆ ಬರುತ್ತದೆ; ‘ಕರಡು ಉಪವಿಧಿ ಬಂದಿದೆ, ಇಂಥ ತಾರೀಖಿನೊಳಗೆ ಆಕ್ಷೇಪಣೆ ಕೊಡಿ’ ಎಂದು ಅದರಲ್ಲೇ ಒಂದು ವಾರ ಕೂಗಿಸಲಿ.