ಎಲ್ಲರಿಗೂ ದುರ್ಯೋಧನನ ಪಾತ್ರವನ್ನೇ ಕೊಟ್ಟರೆ ನಾಟಕ ನಡೆಯುತ್ತದೆಯೇ?

ಮೊನ್ನೆ ಸಂಜೆ ಹಾಲಿನ ಡೇರಿ ಕಟ್ಟೆಯ ಮೇಲೆ ಐದಾರು ಹುಡುಗರು ಮೊಬೈಲ್ ಹಿಡಿದು ಕೂತಿದ್ದರು. ಬಿಜಿಎಂಐ ಆಡುತ್ತಿದ್ದಾರೆ ಅಂದುಕೊಂಡು ನಾವೂ ಪಕ್ಕದಲ್ಲಿ ಕೂತೆವು. ಅವರು ಆಡುತ್ತಿರಲಿಲ್ಲ, ಬೈಯುತ್ತಿದ್ದರು. ಹೊಸ ಅಪ್‌ಡೇಟ್ ಬಂದು ಆಟವೇ ಕೆಟ್ಟಿದೆಯಂತೆ. "ಮೊದಲಿನ ಮಜಾ ಇಲ್ಲ ಅಣ್ಣ" ಅಂದ ಒಬ್ಬ.

"ಹಾಗಾದ್ರೆ ಬಿಟ್ಟುಬಿಡ್ರೋ" ಅಂದೆವು.

"ಬಿಟ್ಟು ಎಲ್ಲಿಗೆ ಹೋಗೋದು?" ಅಂದ ಇನ್ನೊಬ್ಬ.

ಮಾತು ಅಲ್ಲಿಗೇ ಮುಗಿಯಿತು. ಮನೆಗೆ ಬಂದು, ಮಳೆ ಹಾನಿಯ ಸುದ್ದಿ ಟೈಪ್ ಮಾಡಿ ಕಳಿಸಿದ ಮೇಲೂ ಆ ಪ್ರಶ್ನೆ ತಲೆಯಲ್ಲೇ ಉಳಿಯಿತು. ಇದೇ ಮಾತನ್ನು ಇಪ್ಪತ್ತು ವರ್ಷಗಳಿಂದ ಲಕ್ಷಾಂತರ ಜನ ಆಡುತ್ತಿರುವ ಇನ್ನೊಂದು ಆಟ ಇದೆ. ಅದರ ಹೆಸರು ಬ್ಯಾಟಲ್‌ಫೀಲ್ಡ್. ಅದರ ಕತೆ ಕೇಳಿದರೆ ನಮ್ಮ ಹುಡುಗರ ಸಿಟ್ಟು ಎಲ್ಲಿಂದ ಬರುತ್ತದೆ ಅನ್ನುವುದು ಅರ್ಥವಾಗುತ್ತದೆ.

ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ ಡೈಸ್ ಎಂಬ ಸಂಸ್ಥೆ ಇದೆ. ಅದು 2002ರಲ್ಲಿ ಬ್ಯಾಟಲ್‌ಫೀಲ್ಡ್ 1942 ಎಂಬ ಕಂಪ್ಯೂಟರ್ ಆಟ ತಂದಿತು. ಮಾರಿದವರು ಅಮೆರಿಕದ ಇಎ ಕಂಪನಿ. ಎರಡನೇ ಮಹಾಯುದ್ಧದ ಆಟ. ಒಂದೇ ಮೈದಾನದಲ್ಲಿ 64 ಜನ. ಕಾಲಾಳು, ಟ್ಯಾಂಕು, ವಿಮಾನ, ಹಡಗು ಎಲ್ಲ ಒಟ್ಟಿಗೆ. ಬೇರೆ ಶೂಟಿಂಗ್ ಆಟಗಳಲ್ಲಿ ಗುರಿಕಾರನೇ ರಾಜ. ಇಲ್ಲಿ ಗುರಿ ತಪ್ಪುವವನಿಗೂ ಕೆಲಸ ಇತ್ತು.

ನಾವು ಈ ಆಟ ಕಂಡದ್ದು ಡಿಪ್ಲೊಮಾ ಓದುವಾಗ. ಕಾಲೇಜಿನ ಹಿಂದಿನ ಬೀದಿಯ ಸೈಬರ್ ಕೆಫೆಯಲ್ಲಿ ಎಂಟು ಕಂಪ್ಯೂಟರ್‌ಗಳನ್ನು ತಂತಿಯಲ್ಲಿ ಜೋಡಿಸಿ, 2005ರಲ್ಲಿ ಬಂದಿದ್ದ ಬ್ಯಾಟಲ್‌ಫೀಲ್ಡ್ 2 ಹಾಕಿದ್ದರು. ಅದರಲ್ಲಿ ಏಳು ಬಗೆಯ ಸೈನಿಕರು. ಮೆಡಿಕ್ ಆದವನು ಬಿದ್ದವರನ್ನು ಎಬ್ಬಿಸಬೇಕು. ಎಂಜಿನಿಯರ್ ಆದವನು ಕೆಟ್ಟ ಟ್ಯಾಂಕ್ ರಿಪೇರಿ ಮಾಡಬೇಕು. ಸಪೋರ್ಟ್ ಆದವನು ಗುಂಡು ಹಂಚಬೇಕು. ಎಲ್ಲವನ್ನೂ ಒಬ್ಬನೇ ಮಾಡಲು ಆಗುತ್ತಿರಲಿಲ್ಲ. ಟ್ಯಾಂಕ್ ಎದುರಿಗೆ ಬಂದರೆ ಮೆಡಿಕ್ ಓಡಲೇಬೇಕು, ರಾಕೆಟ್ ಇದ್ದವನನ್ನು ಕೂಗಲೇಬೇಕು.

ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯ ಇದ್ದ. ಬಂದೂಕು ಹಿಡಿದರೆ ಗೋಡೆಗೂ ಗುರಿ ಇಡಲು ಬಾರದು. ಕ್ಲಾಸಿನಲ್ಲೂ ಮಾತಾಡದವನು. ಮೊದಲ ದಿನವೇ ಮೆಡಿಕ್ ಆದ, ಕೊನೆಯವರೆಗೂ ಮೆಡಿಕ್ಕೇ. ಒಬ್ಬರನ್ನು ಎಬ್ಬಿಸಿದರೂ ಅಂಕ ಸಿಗುತ್ತಿದ್ದುದರಿಂದ ಎಷ್ಟೋ ಸಲ ಸ್ಕೋರ್ ಪಟ್ಟಿಯಲ್ಲಿ ಅವನೇ ಮೇಲೆ. ನಾವು ಬಿದ್ದಲ್ಲಿಂದ ಅವನ ಹೆಸರು ಹಿಡಿದು ಕಿರುಚುತ್ತಿದ್ದೆವು. ಕ್ಲಾಸಿನಲ್ಲಿ ಯಾರೂ ಕರೆಯದ ಹೆಸರು ಅದು.

ನಮ್ಮ ತುಮಕೂರು, ಮಂಡ್ಯ ಕಡೆ ಊರಹಬ್ಬಕ್ಕೆ ಕುರುಕ್ಷೇತ್ರ ನಾಟಕ ಆಡುವುದು ನಿಮಗೆ ಗೊತ್ತು. ಪಾತ್ರಕ್ಕೆ ದುಡ್ಡು ಕಟ್ಟಬೇಕು. ದುರ್ಯೋಧನನಿಗೂ ಕೃಷ್ಣನಿಗೂ ರೇಟು ಜಾಸ್ತಿ. ಆದರೂ ವಿದುರನಾಗುವವನು ಒಬ್ಬ ಬೇಕು, ಶಕುನಿಯಾಗುವವನು ಬೇಕು, ಹಾರ್ಮೋನಿಯಂ ಮೇಷ್ಟ್ರು ಬೇಕು. ಎಲ್ಲರೂ ಗದೆ ಹಿಡಿದು ದುರ್ಯೋಧನನಾಗಿ ಬಂದರೆ ಆಡುವುದಾದರೂ ಯಾರ ಎದುರಿಗೆ? ಬ್ಯಾಟಲ್‌ಫೀಲ್ಡ್‌ಗೆ ಮುಂದೆ ಆದದ್ದು ಬಹುಪಾಲು ಇದೇ.

ಅಭಿಮಾನಿಗಳು ಬದಲಾವಣೆಯನ್ನೇ ಸಹಿಸುವುದಿಲ್ಲ ಎಂದು ಕಂಪನಿಗಳು ಹೇಳುತ್ತವೆ. ಅದು ಸುಳ್ಳು. 2011ರಲ್ಲಿ ಬಂದ ಬ್ಯಾಟಲ್‌ಫೀಲ್ಡ್ 3 ಏಳು ಬಗೆಯ ಸೈನಿಕರನ್ನು ನಾಲ್ಕಕ್ಕೆ ಇಳಿಸಿತು, ಕಮಾಂಡರ್ ಪಾತ್ರವನ್ನೇ ತೆಗೆಯಿತು. ಹಳಬರು ಗೊಣಗಿದರು, ಆದರೆ ಆಡಿದರು. 2013ರ ಬ್ಯಾಟಲ್‌ಫೀಲ್ಡ್ 4 ಬಂದಾಗ ದೋಷಗಳ ಮೂಟೆಯಾಗಿತ್ತು. ನಡುವೆಯೇ ನಿಲ್ಲುತ್ತಿತ್ತು, ಸರಿಪಡಿಸಲು ತಿಂಗಳುಗಳೇ ಹಿಡಿದವು. ಅದನ್ನೂ ಕ್ಷಮಿಸಿದರು. 2016ರ ಬ್ಯಾಟಲ್‌ಫೀಲ್ಡ್ 1 ಇಡೀ ಆಟವನ್ನು ನೂರು ವರ್ಷ ಹಿಂದಕ್ಕೆ, ಮೊದಲ ಮಹಾಯುದ್ಧದ ಕಂದಕಗಳಿಗೆ ಒಯ್ದಿತು. ಜನ ಮುಗಿಬಿದ್ದು ಕೊಂಡರು. ಕಾಲ ಬದಲಾಯಿತು, ದೇಶ ಬದಲಾಯಿತು, ಬಂದೂಕು ಬದಲಾಯಿತು. ಒಬ್ಬನಿಗೆ ಇನ್ನೊಬ್ಬ ಬೇಕು ಅನ್ನುವ ನಿಯಮ ಮಾತ್ರ ಉಳಿದಿತ್ತು. ಅದಕ್ಕೇ ಜನರೂ ಉಳಿದರು.

ಮುಂದೆ 2018ರಲ್ಲಿ ಬ್ಯಾಟಲ್‌ಫೀಲ್ಡ್ 5 ಬಂತು. ಅದರ ಮೊದಲ ವಿಡಿಯೊದಲ್ಲಿ ಕೃತಕ ಕೈಯ ಮಹಿಳಾ ಸೈನಿಕಳೊಬ್ಬಳು ಇದ್ದಳು. ಕೆಲವರು ಅದಕ್ಕೇ ಗಲಾಟೆ ಎಬ್ಬಿಸಿದರು. ಇಲ್ಲಿ ನಾವು ಆ ಅಭಿಮಾನಿಗಳ ಪರ ಇಲ್ಲ. ಎರಡನೇ ಮಹಾಯುದ್ಧದಲ್ಲಿ ಸೋವಿಯತ್ ಸೇನೆಯ ಮಹಿಳಾ ಸ್ನೈಪರ್‌ಗಳು ಇದ್ದರು, ಅದು ಇತಿಹಾಸ. ಅಭಿಮಾನಿ ಅಂದಾಕ್ಷಣ ಹೇಳಿದ್ದೆಲ್ಲ ಸರಿ ಆಗುವುದಿಲ್ಲ. ಆದರೆ ಇಎಯ ಹಿರಿಯ ಅಧಿಕಾರಿ ಪ್ಯಾಟ್ರಿಕ್ ಸೋಡರ್‌ಲುಂಡ್ ಕೊಟ್ಟ ಉತ್ತರ ಏನು? ಒಪ್ಪಿಕೊಳ್ಳಿ, ಇಲ್ಲದಿದ್ದರೆ ಕೊಳ್ಳಬೇಡಿ ಎಂಬ ಅರ್ಥದ ಮಾತು. ಗಲಾಟೆ ಮಾಡಿದವರಿಗೆ ಹೇಳಿದ್ದು, ಮಾಡದವರ ಕಿವಿಗೂ ಬಿತ್ತು. ವರ್ಷಾಂತ್ಯದ ಹೊತ್ತಿಗೆ 73 ಲಕ್ಷ ಪ್ರತಿ ಮಾರಾಟವಾದವು. ತಾವು ನಿರೀಕ್ಷಿಸಿದ್ದಕ್ಕಿಂತ ಇದು ಹತ್ತು ಲಕ್ಷ ಕಡಿಮೆ ಎಂದು ಕಂಪನಿಯೇ ಒಪ್ಪಿಕೊಂಡಿತು. ಇಳಿಕೆಗೆ ಆ ಮಾತೊಂದೇ ಕಾರಣ ಅನ್ನಲಾಗದು. ಆದರೆ ಅಂಗಡಿಯವನೇ ಬರಬೇಡಿ ಅಂದರೆ ಬರದವರನ್ನು ಬೈಯಲಾಗದು.

ಅದಕ್ಕಿಂತ ದೊಡ್ಡ ಪೆಟ್ಟು ಸದ್ದಿಲ್ಲದೆ ಬಿತ್ತು. ಎಷ್ಟು ಗುಂಡಿಗೆ ಎದುರಾಳಿ ಬೀಳಬೇಕು ಅನ್ನುವುದು ಇಂಥ ಆಟದ ಜೀವಾಳ. 2018ರ ಡಿಸೆಂಬರ್‌ನಲ್ಲಿ ಕಂಪನಿ ಆ ಲೆಕ್ಕವನ್ನು ಬದಲಿಸಿತು. ಆಟಗಾರರು ಕೂಗಾಡಿದ ಮೇಲೆ ಹಿಂದೆ ತೆಗೆದುಕೊಂಡಿತು. ಮುಂದಿನ ವರ್ಷ ಇವೊ ಜಿಮಾದಂಥ ಪೆಸಿಫಿಕ್ ಕಡಲಿನ ಮೈದಾನಗಳು ಬಂದು, ಬಿಟ್ಟುಹೋದವರೂ ವಾಪಸ್ ಬರತೊಡಗಿದ್ದರು. 2019ರ ಡಿಸೆಂಬರ್‌ನಲ್ಲಿ ಕಂಪನಿ ಮತ್ತೆ ಅದೇ ಲೆಕ್ಕಕ್ಕೆ ಕೈ ಹಾಕಿತು! ಸುಟ್ಟ ಬೆರಳನ್ನೇ ಮತ್ತೆ ಒಲೆಗಿಟ್ಟ ಹಾಗೆ. ಕೆಲವೇ ತಿಂಗಳಲ್ಲಿ, 2020ರಲ್ಲಿ, ಈ ಆಟಕ್ಕೆ ಇನ್ನು ದೊಡ್ಡ ಅಪ್‌ಡೇಟ್‌ಗಳಿಲ್ಲ ಎಂದು ಹೇಳಿ ಕೈ ತೊಳೆದುಕೊಂಡಿತು.

ಅಲ್ಲಿಗೂ ನಿಲ್ಲಲಿಲ್ಲ. 2021ರ ನವೆಂಬರ್ 19ರಂದು ಬ್ಯಾಟಲ್‌ಫೀಲ್ಡ್ 2042 ಬಂತು. 64 ಜನರ ಜಾಗದಲ್ಲಿ 128 ಜನ. ಮೈದಾನಗಳು ಎಷ್ಟು ದೊಡ್ಡವೆಂದರೆ ಯುದ್ಧ ಎಲ್ಲಿದೆ ಎಂದು ಹುಡುಕಿಕೊಂಡು ಓಡುವುದೇ ಕೆಲಸ. ಒಬ್ಬರೇ ಆಡುವ ಕತೆ ಇಲ್ಲ. ಗುಂಪಿನವರೊಡನೆ ಮಾತಾಡಲು ಆಟದೊಳಗೆ ಧ್ವನಿ ವ್ಯವಸ್ಥೆ ಇಲ್ಲ. ಇಪ್ಪತ್ತು ವರ್ಷಗಳಿಂದ ಇದ್ದ ಸ್ಕೋರ್ ಪಟ್ಟಿ ಕೂಡ ಮೊದಲಿನಂತೆ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಮೆಡಿಕ್, ಎಂಜಿನಿಯರ್ ಎಂಬ ವಿಂಗಡಣೆಯೇ ಹೋಗಿತ್ತು. ಅವರ ಜಾಗದಲ್ಲಿ ಸ್ಪೆಷಲಿಸ್ಟ್ ಎಂದು ಕರೆದ ಹತ್ತು ಮಂದಿ ಹೆಸರಿರುವ ಪಾತ್ರಗಳು. ಯಾರು ಬೇಕಾದರೂ ಯಾವ ಬಂದೂಕನ್ನಾದರೂ ಹಿಡಿಯಬಹುದು, ಯಾವ ಸಲಕರಣೆಯನ್ನಾದರೂ ಒಯ್ಯಬಹುದು.

ಕೇಳಲು ಸ್ವಾತಂತ್ರ್ಯದ ಹಾಗಿದೆ. ಆಡಿದರೆ ಬೇರೆ. ಔಷಧದ ಪೆಟ್ಟಿಗೆ ಆಟದಲ್ಲಿ ಇತ್ತು, ಆದರೆ ರಾಕೆಟ್ ಸಿಗುವಾಗ ಅದನ್ನು ಹೊರುವವರು ಎಷ್ಟು ಜನ? ದೂರದಿಂದ ನೋಡಿದರೆ ಇವನು ಮೆಡಿಕ್ಕೋ ಅಲ್ಲವೋ ತಿಳಿಯದು. ಎರಡೂ ಪಕ್ಷದಲ್ಲಿ ಅದೇ ಹತ್ತು ಮುಖಗಳು. ನಾಟಕದಲ್ಲಿ ಎಲ್ಲರೂ ದುರ್ಯೋಧನರಾದ ಹೊತ್ತು ಅದು.

ಯಾಕೆ ಹೀಗೆ ಮಾಡಿದರು? ನಮ್ಮ ಅಂದಾಜು ಇಷ್ಟು: ಹೆಸರಿಲ್ಲದ ಸೈನಿಕನಿಗಿಂತ ಹೆಸರಿರುವ ನಾಯಕನಿಗೆ ವೇಷ ಮಾರುವುದು ಸುಲಭ. ಸ್ಕಿನ್ ಅನ್ನುತ್ತೀರಲ್ಲ, ಅದೇ. ಆಟ ಮಾರಿ ಬರುವ ದುಡ್ಡು ಒಂದು ಸಲ, ವೇಷದ ದುಡ್ಡು ತಿಂಗಳು ತಿಂಗಳು. ಆದರೆ ವೇಷದ ಅಂಗಡಿಗೆ ಜಾಗ ಮಾಡಲು ರಂಗಸ್ಥಳವನ್ನೇ ಕೆಡವಿದರೆ ಆ ವೇಷ ತೊಟ್ಟು ಕುಣಿಯುವುದೆಲ್ಲಿ?

ನಮ್ಮ ಮೆಡಿಕ್ ಗೆಳೆಯ ಈಗ ಬೆಂಗಳೂರಿನಲ್ಲಿದ್ದಾನೆ. ಒಳ್ಳೆ ಕಂಪ್ಯೂಟರ್ ಕೊಂಡು 2042 ಹಾಕಿದ. ವಾರ ಕಳೆದ ಮೇಲೆ ಫೋನ್ ಮಾಡಿದ. "ಚೆನ್ನಾಗಿ ಕಾಣ್ಸುತ್ತೆ ಕಣ್ರೋ, ಆದ್ರೆ ನಂಗಿಲ್ಲಿ ಕೆಲಸಾನೇ ಇಲ್ಲ" ಅಂದ. ಮತ್ತೆ ಆ ಆಟ ತೆರೆಯಲಿಲ್ಲ. ದೊಡ್ಡ ದೊಡ್ಡ ವಿಮರ್ಶೆಗಳನ್ನು ಓದಿದ್ದೇವೆ. ಇಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ.

ಕಂಪನಿಗೂ ತಿಳಿಯಿತು, ತಡವಾಗಿ. ಸ್ಕೋರ್ ಪಟ್ಟಿ ವಾಪಸ್ ಬಂತು, ಧ್ವನಿ ಬಂತು. 2023ರ ಆರಂಭದಲ್ಲಿ ಮೆಡಿಕ್, ಎಂಜಿನಿಯರ್ ಮಾದರಿಯ ವಿಂಗಡಣೆಯೂ ಬಂತು. ಅಷ್ಟರಲ್ಲಿ ಹೋದವರು ಹೋಗಿದ್ದರು.

ಈಗ ಕಟ್ಟೆಯ ಹುಡುಗನ ಪ್ರಶ್ನೆಗೆ ಬರೋಣ. ಬಿಟ್ಟು ಎಲ್ಲಿಗೆ ಹೋಗೋದು? ಹೊಸದು ಹಿಡಿಸದಿದ್ದರೆ ಹಳೆಯದನ್ನೇ ಆಡಬಹುದಲ್ಲ ಅನ್ನಿಸುತ್ತದೆ. ಕಂಪನಿಯ ಸರ್ವರ್ ಇದ್ದರೆ ತಾನೆ? ಬ್ಯಾಟಲ್‌ಫೀಲ್ಡ್ 2 ನಡೆಯುತ್ತಿದ್ದುದು ಗೇಮ್‌ಸ್ಪೈ ಎಂಬ ಸೇವೆಯ ಮೇಲೆ. 2014ರಲ್ಲಿ ಅದು ಮುಚ್ಚಿತು, ಆಟದ ಅಧಿಕೃತ ಆನ್‌ಲೈನ್ ಬಾಗಿಲೂ ಮುಚ್ಚಿತು. ಕೆಲವು ಅಭಿಮಾನಿಗಳು ಸ್ವಂತ ಶ್ರಮದಿಂದ ರಿವೈವ್ ಎಂಬ ವ್ಯವಸ್ಥೆ ಕಟ್ಟಿ ಅದಕ್ಕೆ ಮತ್ತೆ ಜೀವ ಕೊಟ್ಟರು. 2017ರಲ್ಲಿ ಇಎ ವಕೀಲರ ಕಡೆಯಿಂದ ತಾಕೀತು ಬಂದು ಅದನ್ನೂ ನಿಲ್ಲಿಸಬೇಕಾಯಿತು. 2010ರ ಬ್ಯಾಡ್ ಕಂಪನಿ 2 ಎಂಬ ಅಚ್ಚುಮೆಚ್ಚಿನ ಕಂತಿನ ಆನ್‌ಲೈನ್ ಆಟವನ್ನು 2023ರ ಡಿಸೆಂಬರ್ 8ರಂದು ನಿಲ್ಲಿಸಿದರು. ಹೊಸ ಬಾವಿ ತೋಡಿದವರು ಹಳೆಯ ಬಾವಿಯನ್ನು ಮುಚ್ಚಬೇಕೆಂದೇನೂ ಇಲ್ಲ. ಇವರು ಮುಚ್ಚಿದರು, ಇಳಿದು ಹೂಳೆತ್ತಲು ಬಂದವರನ್ನೂ ಓಡಿಸಿದರು.

ಇದು ದುಡ್ಡಿರುವವರ ಕಂಪ್ಯೂಟರ್ ಆಟದ ಗೋಳು, ನಮಗೇನು ಅನ್ನಬೇಡಿ. ಇದೇ ಇಎ ಕಂಪನಿ ಮೊಬೈಲ್‌ಗೆಂದು ಅಪೆಕ್ಸ್ ಲೆಜೆಂಡ್ಸ್ ಮೊಬೈಲ್ ತಯಾರಿಸಿತ್ತು. ಅದರ ಪರೀಕ್ಷೆಗೆ 2021ರಲ್ಲಿ ಮೊದಲು ಆರಿಸಿಕೊಂಡ ದೇಶಗಳೇ ಭಾರತ ಮತ್ತು ಫಿಲಿಪ್ಪೀನ್ಸ್. ನಮ್ಮ ಹುಡುಗರ ಫೋನಿನಲ್ಲೇ ಆಟವನ್ನು ಹದ ಮಾಡಿದರು. 2022ರ ಮೇ ತಿಂಗಳಲ್ಲಿ ಬಿಡುಗಡೆ, 2023ರ ಮೇ 1ಕ್ಕೆ ಬಂದ್. ಒಂದು ವರ್ಷವೂ ತುಂಬಲಿಲ್ಲ. ದುಡ್ಡು ಕೊಟ್ಟು ಕೊಂಡ ವೇಷಗಳೂ ಅದರೊಂದಿಗೇ ಹೋದವು. ಅದರ ಮುಚ್ಚುಗಡೆ ಹೇಳಿದ ದಿನವೇ, ತಯಾರಾಗುತ್ತಿದ್ದ ಬ್ಯಾಟಲ್‌ಫೀಲ್ಡ್ ಮೊಬೈಲ್ ಆಟವನ್ನೂ ಕೈಬಿಟ್ಟರು.

ಇನ್ನು ಬಿಜಿಎಂಐ ಕತೆ ನಿಮಗೇ ಗೊತ್ತು. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್‌ಜಿ ಮೊಬೈಲ್ ನಿಷೇಧಿಸಿತು, 2021ರಲ್ಲಿ ಬಿಜಿಎಂಐ ಬಂತು, 2022ರ ಜುಲೈನಲ್ಲಿ ಪ್ಲೇ ಸ್ಟೋರ್‌ನಿಂದ ಮಾಯವಾಯಿತು, 2023ರಲ್ಲಿ ಮತ್ತೆ ಬಂತು. ಅದರ ಕಾರಣಗಳು ಬೇರೆ. ಆದರೆ ಪಾಠ ಒಂದೇ: ಆಟ ನಮ್ಮ ಫೋನಿನಲ್ಲಿದೆ, ಬೀಗದ ಕೈ ನಮ್ಮಲ್ಲಿಲ್ಲ.

ಬ್ಯಾಟಲ್‌ಫೀಲ್ಡ್ ಕತೆಗೆ ಸದ್ಯಕ್ಕೆ ಒಳ್ಳೆಯ ತಿರುವೂ ಇದೆ. 2025ರ ಆರಂಭದಲ್ಲೇ ಆಟಗಾರರನ್ನು ಕರೆದು, ಇನ್ನೂ ಅರ್ಧ ಬೆಂದ ಆಟವನ್ನು ಅವರ ಕೈಗೆ ಕೊಟ್ಟು ಅಭಿಪ್ರಾಯ ಕೇಳಿದರು. ನಾಲ್ಕು ಬಗೆಯ ಸೈನಿಕರ ವಿಂಗಡಣೆಯನ್ನು ಮೊದಲ ದಿನದಿಂದಲೇ ಇಟ್ಟರು. ಅಕ್ಟೋಬರ್ 10ರಂದು ಬಂದ ಬ್ಯಾಟಲ್‌ಫೀಲ್ಡ್ 6 ಮೂರೇ ದಿನದಲ್ಲಿ 70 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. 2018ರ ಕಂತಿಗೆ ಹೆಚ್ಚುಕಡಿಮೆ ಅಷ್ಟೇ ಮಾರಾಟಕ್ಕೆ ಆರು ವಾರ ಹಿಡಿದಿತ್ತು. ಅಭಿಮಾನಿಗಳು ಎಲ್ಲಿಗೂ ಹೋಗಿರಲಿಲ್ಲ, ಜಗಲಿಯ ಮೇಲೆ ಕಾಯುತ್ತಾ ಕೂತಿದ್ದರು. ಒಳಗಿನವರು ಕರೆಯಲಿಲ್ಲ ಅಷ್ಟೇ. ನಾಳೆ ಮತ್ತೆ ವೇಷದ ಅಂಗಡಿಯ ಆಸೆ ಹುಟ್ಟುವುದಿಲ್ಲ ಎಂದು ನಾವು ಆಣೆ ಮಾಡಿ ಹೇಳಲಾರೆವು.

ಹಾಗಾದರೆ ಏನು ಮಾಡಬೇಕು? ಯುರೋಪಿನಲ್ಲಿ ಆಟಗಾರರು ಒಂದು ದಾರಿ ತೋರಿಸಿದ್ದಾರೆ. ದುಡ್ಡು ತೆಗೆದುಕೊಂಡು ಮಾರಿದ ಆಟವನ್ನು ಮುಚ್ಚುವಾಗ, ಕೊಂಡವರು ಆಡುತ್ತಿರಲು ಏನಾದರೂ ವ್ಯವಸ್ಥೆ ಮಾಡಿಯೇ ಹೋಗಬೇಕು ಎಂದು ಕೇಳುವ ಅಭಿಯಾನ ಅದು. 2024ರಲ್ಲಿ ಶುರುವಾಯಿತು. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸುವ ಅದರ ಮನವಿಗೆ 2025ರ ಜುಲೈನಲ್ಲಿ ಸಹಿಗಳು ಹತ್ತು ಲಕ್ಷ ದಾಟಿದವು. ನಮ್ಮಲ್ಲೂ ಇಂಥ ಕೂಗು ಏಳಬೇಕು. ಲಕ್ಷಾಂತರ ಹುಡುಗರು ದುಡ್ಡು ಹಾಕುವ ಜಾಗಕ್ಕೆ ಒಂದು ರಸೀದಿಯಷ್ಟಾದರೂ ಹಕ್ಕು ಇರಬೇಕು.

ಅದು ಆಗುವವರೆಗೆ ನಮ್ಮ ಕೈಯಲ್ಲಿರುವುದು ಎರಡು ಕೆಲಸ. ಅಪ್ಪನ ಫೋನ್‌ಪೇಯಿಂದ ವೇಷ ಕೊಳ್ಳುವ ಮುಂಚೆ, ಈ ಆಟ ಮುಂದಿನ ಯುಗಾದಿಗೆ ಇರುತ್ತದೆಯೇ ಎಂದು ಒಮ್ಮೆ ಕೇಳಿಕೊಳ್ಳಿ. ಮತ್ತೆ, ನಿಮ್ಮ ಸ್ಕ್ವಾಡಿನಲ್ಲಿ ಗುರಿ ಬಾರದ, ಮಾತಾಡದ ಹುಡುಗ ಒಬ್ಬ ಇರುತ್ತಾನೆ. ಆಟ ಕೆಟ್ಟಿತೆಂದು ಎದ್ದು ಹೋಗುವಾಗ ಅವನನ್ನು ಬಿಟ್ಟು ಹೋಗಬೇಡಿ. ಡೇರಿ ಹಿಂದಿನ ಬಯಲಿನಲ್ಲಿ ವಾಲಿಬಾಲ್ ನೆಟ್ ಕಟ್ಟಿದರೂ ಅವನಿಗೊಂದು ಜಾಗ ಕೊಡಿ.

ನಮ್ಮ ಮೆಡಿಕ್ ಗೆಳೆಯ ಹೊಸ ಆಟ ಹಾಕಿದ್ದಾನೆ. ಮೊನ್ನೆ ರಾತ್ರಿ ಹನ್ನೊಂದಕ್ಕೆ ಮೆಸೇಜ್ ಬಂತು: "ಇವತ್ತು ಇಪ್ಪತ್ತೆರಡು ಜನರನ್ನ ಎಬ್ಬಿಸಿದೆ."