ತೋಟದಪ್ಪನವರ ಛತ್ರ ಮತ್ತು ದಾಸೋಹದ ಅರ್ಥ

ಆಯ್ದಕ್ಕಿ ಮಾರಯ್ಯನವರು ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಶರಣರು. ಒಮ್ಮೆ ಅವರು ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಸತಿ ಲಕ್ಕಮ್ಮನವರು ಅದನ್ನು ಅಲ್ಲಿಯೇ ಮರಳಿ ಸುರಿದು ಬರುವಂತೆ ಕಳುಹಿಸಿದರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ಕೇಳುವ ಭಕ್ತರ ಮನಸ್ಸಿನಲ್ಲಿ, ವಿಶೇಷವಾಗಿ ವ್ಯಾಪಾರದಲ್ಲಿರುವವರ ಮನಸ್ಸಿನಲ್ಲಿ, ಒಂದು ಸಂಶಯ ಏಳುವುದು ಸಹಜ. ಹೆಚ್ಚಿನದನ್ನು ಮನೆಗೆ ತರಲೇಬಾರದೆಂದರೆ ವರ್ತಕನ ಗತಿಯೇನು? ಲಾಭವಿಲ್ಲದೆ ಅಂಗಡಿ ನಡೆಯದು. ಹಾಗಾದರೆ ಶರಣಧರ್ಮದಲ್ಲಿ ಸಂಪತ್ತುಳ್ಳವನಿಗೆ ಎಡೆ ಎಲ್ಲಿ? ಇದಕ್ಕೆ ಬದುಕಿನಿಂದಲೇ ಉತ್ತರ ಕೊಟ್ಟವರು ರಾವ್ ಬಹದ್ದೂರ್ ಧರ್ಮಪ್ರವರ್ತ ಗುಬ್ಬಿ ತೋಟದಪ್ಪನವರು.

ತುಮಕೂರು ಸೀಮೆಯ ಗುಬ್ಬಿಯಲ್ಲಿ 1838ರಲ್ಲಿ ಜನಿಸಿದ ತೋಟದಪ್ಪನವರು ಕುಟುಂಬದೊಡನೆ ಬೆಂಗಳೂರಿಗೆ ಬಂದು ಮಾಮೂಲುಪೇಟೆಯಲ್ಲಿ ವ್ಯಾಪಾರ ಹೂಡಿದರು. ವ್ಯಾಪಾರ ಕೈಹಿಡಿಯಿತು. 1897ರಲ್ಲಿ ರೈಲು ನಿಲ್ದಾಣದ ಸಮೀಪ ಭೂಮಿಯನ್ನು ಕೊಂಡು ಧರ್ಮಛತ್ರದ ಕಾರ್ಯವನ್ನು ಆರಂಭಿಸಿದರು. 1903ರಲ್ಲಿ ಅದರ ಪ್ರಾರಂಭೋತ್ಸವ ನೆರವೇರಿತು. ನಾಲ್ವಡಿ ಕೃಷ್ಣರಾಜ ಒಡೆಯರು 1905ರಲ್ಲಿ 'ಧರ್ಮಪ್ರವರ್ತ' ಎಂಬ ಬಿರುದನ್ನು ದಯಪಾಲಿಸಿದರು. 'ರಾವ್ ಬಹದ್ದೂರ್' ಎಂಬುದು ಬ್ರಿಟಿಷ್ ಸರ್ಕಾರ ಕೊಟ್ಟದ್ದು. 1910ರಲ್ಲಿ ತೋಟದಪ್ಪನವರು ಲಿಂಗೈಕ್ಯರಾದರು.

ಈ ಸೇವೆಯಲ್ಲಿ ಮೊದಲು ಗಮನಿಸಬೇಕಾದುದು ಸ್ಥಳ. ಪುಣ್ಯಕ್ಷೇತ್ರದಲ್ಲಿ ಛತ್ರ ಕಟ್ಟಿಸುವುದು ಹಿಂದಿನಿಂದ ಬಂದ ಪದ್ಧತಿ. ಅಲ್ಲಿ ಕಟ್ಟಿದವನಿಗೆ ಕ್ಷೇತ್ರದ ಪುಣ್ಯವೂ ಸೇರುತ್ತದೆಂಬ ನಂಬಿಕೆ. ತೋಟದಪ್ಪನವರು ಆರಿಸಿಕೊಂಡದ್ದು ರೈಲು ನಿಲ್ದಾಣದ ಮಗ್ಗುಲನ್ನು. ಕೋರ್ಟು ಕಚೇರಿಯ ಕೆಲಸಕ್ಕೆ ಬಂದ ರೈತ, ಸರಕು ಕೊಳ್ಳಲು ಬಂದ ಸಣ್ಣ ವರ್ತಕ, ಓದಲು ಬಂದ ಹುಡುಗ, ಇವರೆಲ್ಲ ಗಂಟುಮೂಟೆಯೊಡನೆ ಇಳಿಯುತ್ತಿದ್ದದ್ದು ಅಲ್ಲಿಯೇ. ಗಿರಾಕಿ ಎಲ್ಲಿ ಬರುತ್ತಾನೋ ಅಲ್ಲಿ ಅಂಗಡಿ ತೆರೆಯಬೇಕೆಂಬುದು ವರ್ತಕನಿಗೆ ಗೊತ್ತು. ಆ ಜಾಣ್ಮೆಯನ್ನೇ ಅವರು ಜಂಗಮಸೇವೆಗೆ ಬಳಸಿದರು.

'ಮಕ್ಕಳಿರಲಿಲ್ಲ, ಆದ್ದರಿಂದ ಕೊಟ್ಟರು' ಎಂದು ಹಗುರವಾಗಿ ಆಡುವವರುಂಟು. ಮಕ್ಕಳಿರಲಿಲ್ಲವೆಂಬುದು ನಿಜ. ಆದರೆ ಮಕ್ಕಳಿಲ್ಲದ ಶ್ರೀಮಂತರು ದತ್ತು ತೆಗೆದುಕೊಂಡು ಆಸ್ತಿಯನ್ನು ಮನೆತನದಲ್ಲಿಯೇ ಉಳಿಸಿಕೊಳ್ಳುವುದು ಅಂದಿನ ವಾಡಿಕೆ. ತೋಟದಪ್ಪನವರು ತಮ್ಮ ಆಸ್ತಿಯನ್ನೆಲ್ಲ ಧರ್ಮಸಂಸ್ಥೆಗೆ ಬರೆದು, ಅದರ ಹೊಣೆಯನ್ನು ಕೆ. ಪಿ. ಪುಟ್ಟಣ್ಣ ಚೆಟ್ಟಿಯವರಿಗೆ ಒಪ್ಪಿಸಿದರು. ಬೆಂಗಳೂರಿನ ಪುರಭವನಕ್ಕೆ ಹೆಸರಾಗಿರುವವರು ಇವರೇ. ದಾನದಲ್ಲಿ ಕೊಡುವವನ ಕೈ ಮೇಲಿರುತ್ತದೆ. ದಾಸೋಹದಲ್ಲಿ ಕೊಡುವವನು ದಾಸ. ಒಡೆತನವನ್ನೇ ಬಿಟ್ಟುಕೊಟ್ಟವನಿಗೆ ಮಾತ್ರ ಈ ಎರಡನೆಯ ಮಾತು ಪೂರ್ಣವಾಗಿ ಒಪ್ಪುತ್ತದೆ. ಲಕ್ಕಮ್ಮನವರು ಹೇಳಿ ಕಳುಹಿಸಿದ್ದೂ ಇದನ್ನೇ ಅಲ್ಲವೇ? ಹೆಚ್ಚಿನದು ಎಲ್ಲಿಂದ ಬಂತೋ ಅಲ್ಲಿಗೆ ಹೋಗಬೇಕು. ಪೇಟೆಯ ಜನರಿಂದ ಬಂದದ್ದು ಜನರಿಗೆ ಹೋಯಿತು.

ಇಂದು ಮಠಗಳ ಸಮಾರಂಭಗಳಲ್ಲಿ ಕಾಣಿಕೆಯ ಮೊತ್ತಕ್ಕೆ ತಕ್ಕಂತೆ ಆಸನ ದೊರೆಯುವುದೂ, ದಾನಿಯ ಹೆಸರು ಗಡಿಯಾರದ ಮೇಲೆ, ಬೆಂಚಿನ ಮೇಲೆ ಕೆತ್ತಲ್ಪಡುವುದೂ ಸಾಮಾನ್ಯವಾಗಿದೆ. ಇದರಲ್ಲಿ ದಾನಿಗಳ ತಪ್ಪಿಗಿಂತ ಹಾಗೆ ಕೂರಿಸುವವರ ತಪ್ಪೇ ದೊಡ್ಡದು. ತೋಟದಪ್ಪನವರ ಹೆಸರೂ ಅವರ ಸಂಸ್ಥೆಯ ಮೇಲಿದೆ, ರಸ್ತೆಗೂ ಇದೆ ಎಂದು ಕೇಳಬಹುದು. ಆದರೆ ಆ ಹೆಸರಿನ ಹಿಂದೆ ಅವರಿಗೆಂದು ಉಳಿಸಿಕೊಂಡ ಪಾಲು ಯಾವುದೂ ಇಲ್ಲ.

ಇನ್ನೊಂದು ಪ್ರಶ್ನೆಯನ್ನು ಮರೆಮಾಚಬಾರದು. ಅವರ ಉಚಿತ ವಿದ್ಯಾರ್ಥಿನಿಲಯವು ವೀರಶೈವ-ಲಿಂಗಾಯತ ಮಕ್ಕಳಿಗಾಗಿ ನಡೆದು ಬಂದದ್ದು. ಎಲ್ಲರನ್ನೂ ತನ್ನವರೆಂದು ಅಪ್ಪಿಕೊಂಡ ಬಸವಣ್ಣನವರ ದೃಷ್ಟಿಗೆ ಇದು ಕಿರಿದೆನಿಸದೇ? ಕಿರಿದೇ ಹೌದು. ಹಳ್ಳಿಯ ಹುಡುಗನಿಗೆ ನಗರದಲ್ಲಿ ಅನ್ನವೂ ಆಸರೆಯೂ ದುರ್ಲಭವಾಗಿದ್ದ ಕಾಲದಲ್ಲಿ ಒಂದೊಂದು ಸಮಾಜವೂ ತನ್ನ ಮಕ್ಕಳಿಗೆ ಮೊದಲು ಬಾಗಿಲು ತೆರೆಯಿತೆಂಬುದು ಸಮಾಧಾನವಾದೀತೇ ಹೊರತು ಪೂರ್ಣ ಉತ್ತರವಾಗದು.

ಪೂರ್ಣ ಉತ್ತರ ಆ ನಿಲಯದಿಂದಲೇ ಹೊರಬಂದಿತು. 1927ರಲ್ಲಿ ಸೆಂಟ್ರಲ್ ಕಾಲೇಜಿಗೆ ಸೇರಿದ ವೀರಾಪುರದ ಶಿವಣ್ಣನೆಂಬ ವಿದ್ಯಾರ್ಥಿಗೆ ಆಸರೆಯಾದದ್ದು ತೋಟದಪ್ಪನವರ ಈ ವಿದ್ಯಾರ್ಥಿನಿಲಯವೇ. 1930ರಲ್ಲಿ ಅವರು ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳಾದರು. ಅಲ್ಲಿಂದ 2019ರ ಜನವರಿ 21ರಂದು ಲಿಂಗೈಕ್ಯರಾಗುವವರೆಗೆ, ಜಾತಿ ಮತಗಳನ್ನು ಕೇಳದೆ, ಬಡವರ ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನು ನೀಡಿದರು. ಅವರ ಕೊನೆಯ ವರ್ಷಗಳಲ್ಲಿ ಮಠದಲ್ಲಿದ್ದ ಮಕ್ಕಳ ಸಂಖ್ಯೆ ಎಂಟು ಸಾವಿರವನ್ನು ಮೀರಿತ್ತು. ಗುಬ್ಬಿಯಿಂದ ಬೆಂಗಳೂರಿಗೆ ಹೊರಟ ವರ್ತಕನೊಬ್ಬನ ಗಳಿಕೆಯ ಫಲ ಹೀಗೆ ಮತ್ತೆ ತುಮಕೂರು ಸೀಮೆಗೇ ಬಂದು, ಅವನು ಎಣಿಸಿರದ ಮಕ್ಕಳ ತಟ್ಟೆಯನ್ನು ಸೇರಿತು.