ಪಾಠ ಕಳಿಸಿದರೆ ಸಾಲದು, ಮಗುವಿನ ಉತ್ತರ ಬರಬೇಕು

ನಿಮ್ಮ ಊರಿನ ಕನ್ನಡ ಶಾಲೆಯ ವಾಟ್ಸಾಪ್ ಗುಂಪನ್ನು ಒಮ್ಮೆ ತೆರೆದು ನೋಡಿ. ಶುಭೋದಯದ ಹೂವು, ರಜೆಯ ಸೂಚನೆ, ಎಲ್ಲಿಂದಲೋ ಬಂದ ಪಾಠದ ವಿಡಿಯೊ, ರಾಜ್ಯೋತ್ಸವದ ಫೋಟೊ, ಎಲ್ಲವೂ ಇರುತ್ತವೆ. ವಿದ್ಯಾರ್ಥಿಯೊಬ್ಬ ಕೇಳಿದ ಪ್ರಶ್ನೆ ಎಷ್ಟಿವೆ, ಹುಡುಕಿ. ಒಂದೂ ಸಿಗದಿದ್ದರೆ ಅದನ್ನು ಸೂಚನಾ ಫಲಕ ಎನ್ನಬಹುದೇ ಹೊರತು ಕಲಿಕೆಯ ಕೂಟ ಎನ್ನಲಾಗದು.

ಇಂಥ ಕೂಟದ ಅಗತ್ಯ ಬೇರೆಯವರಿಗಿಂತ ನಮಗೆ ಹೆಚ್ಚು. ಹೊಸೂರು, ತಳಿ, ಕೆಲಮಂಗಲ, ತಾಳವಾಡಿ ಕಡೆ ಕನ್ನಡ ಮಾಧ್ಯಮದ ಎಷ್ಟೋ ತರಗತಿಗಳಲ್ಲಿ ಮಕ್ಕಳು ಬೆರಳೆಣಿಕೆಯಷ್ಟು. ತರಗತಿಯಲ್ಲಿ ಮೂರೇ ಮಂದಿ ಇದ್ದರೆ ಸಂಶಯ ಕೇಳಲು ಜೊತೆಗಾರರಿಲ್ಲ, ಪೈಪೋಟಿಗೆ ಎದುರಾಳಿಯಿಲ್ಲ. ‘ನಾವಿಷ್ಟೇ ಜನ’ ಎಂಬ ಅಳುಕು ಮಗುವಿಗೂ ಹೆತ್ತವರಿಗೂ ಅಂಟುತ್ತದೆ. ಮರುವರ್ಷ ಮಗು ಬೇರೆ ಮಾಧ್ಯಮಕ್ಕೆ ಹೋಗುತ್ತದೆ. ಹೊಸೂರು ಎಲ್ಲಿ, ದಿಂಬಂ ಘಟ್ಟದ ಮೇಲಿನ ತಾಳವಾಡಿ ಎಲ್ಲಿ! ಆದರೆ ಎರಡೂ ಕಡೆಯ ಮಕ್ಕಳು ಓದುವುದು ಅದೇ ಕನ್ನಡ ಪುಸ್ತಕ, ಬರೆಯುವುದು ತಮಿಳುನಾಡಿನ ಅದೇ ಹತ್ತನೇ ತರಗತಿ ಪರೀಕ್ಷೆ. ಇವರನ್ನು ಒಂದೇ ಬೆಂಚಿನಲ್ಲಿ ಕೂರಿಸಲು ಬಸ್ಸಿನಿಂದ ಆಗದು, ಫೋನಿನಿಂದ ಆಗುತ್ತದೆ.

ಕೊರೋನಾ ಕಾಲ ನಮ್ಮ ಇಕ್ಕಟ್ಟನ್ನು ಚೆನ್ನಾಗಿಯೇ ತೋರಿಸಿತು. 2020ರಲ್ಲಿ ತಮಿಳುನಾಡಿನ ಕಲ್ವಿ ದೂರದರ್ಶನದಲ್ಲಿ ಬಂದದ್ದು ನಮ್ಮದೇ ಪಠ್ಯಕ್ರಮ, ಆದರೆ ಭಾಷೆ ತಮಿಳು. ಚಂದನ ವಾಹಿನಿಯ ‘ಸಂವೇದ’ ಪಾಠಗಳ ಭಾಷೆ ಕನ್ನಡ, ಆದರೆ ಪಠ್ಯಕ್ರಮ ಕರ್ನಾಟಕದ್ದು. ಒಂದರಲ್ಲಿ ಮಾತು ಹೊರಗಿನದು, ಇನ್ನೊಂದರಲ್ಲಿ ಪುಸ್ತಕ ಹೊರಗಿನದು. ಅದೇ ವರ್ಷ ಜೂನ್ 1ರಂದು ಕೇರಳ ‘ಫಸ್ಟ್ ಬೆಲ್’ ಆರಂಭಿಸಿದಾಗ ಕಾಸರಗೋಡಿನ ಮಕ್ಕಳಿಗಾಗಿ ಕನ್ನಡ ಮಾಧ್ಯಮದ ಪಾಠಗಳೂ ಯೂಟ್ಯೂಬಿಗೆ ಬಂದವು. ಮನಸ್ಸು ಮಾಡಿದರೆ ರಾಜ್ಯದ ಪಠ್ಯವನ್ನೇ ಕನ್ನಡದಲ್ಲಿ ಕೊಡಬಹುದು ಎಂಬುದಕ್ಕೆ ಅಷ್ಟು ಸಾಕ್ಷಿ ಸಾಕು.

ಆದರೂ ವಿಡಿಯೊ ಅರ್ಧ ಕೆಲಸವಷ್ಟೇ. ಉಳಿದರ್ಧ ಮಗುವಿನ ಮನೆಯಿಂದ ಬರಬೇಕು. ಭಿನ್ನರಾಶಿ ಕಲಿಸುವ ವಾರ ‘ನಿಮ್ಮ ಅಜ್ಜಿ ರಾಗಿ ಅಳೆಯುವುದನ್ನು ನೋಡಿ ಬಂದು ಹೇಳಿ’ ಎನ್ನಿ. ನಾಲ್ಕು ಪಾವು ಸೇರಿದರೆ ಒಂದು ಸೇರು. ಕಾಲು, ಅರೆ, ಮುಕ್ಕಾಲು ಅಲ್ಲಿಯೇ ಇವೆ. ಪುಸ್ತಕದಲ್ಲಿ ಈಶಾನ್ಯ ಮಾರುತ ಎಂದಿರುವುದು ಮನೆಯಲ್ಲಿ ಹಿಂಗಾರು. ಯಾವ ಮಳೆಗೆ ಯಾವ ಬಿತ್ತನೆ ಎಂದು ತಾಳವಾಡಿಯ ಹುಡುಗಿ ತಾತನನ್ನು ಕೇಳಿ ಧ್ವನಿಸಂದೇಶ ಕಳಿಸಲಿ, ತಳಿಯ ಹುಡುಗ ತನ್ನ ಊರಿನದನ್ನು ಹೇಳಲಿ. ಅವರವರ ಊರಿನ ಕನ್ನಡದಲ್ಲೇ ಹೇಳಲಿ, ನಡುವೆ ತೆಲುಗು, ತಮಿಳು ಮಾತು ಬಂದರೆ ಬರಲಿ. ಮೊದಲ ದಿನವೇ ‘ಇದು ಶುದ್ಧ ಕನ್ನಡವಲ್ಲ’ ಎಂದು ತಿದ್ದಿದರೆ ಆ ಮಗು ಮತ್ತೆ ಬಾಯಿ ತೆರೆಯುವುದಿಲ್ಲ. ಗ್ರಂಥಭಾಷೆಯನ್ನು ನಿಧಾನವಾಗಿ ಕಲಿಸೋಣ.

ತಮಿಳನ್ನು ದೂರವಿಡುವ ಕೂಟವೂ ನಮಗೆ ಬೇಡ. 2006ರ ಕಾಯ್ದೆಯ ನಂತರ ತಮಿಳು ಕಲಿಕೆ ನಮ್ಮ ಶಾಲೆಗಳಿಗೂ ಬಂದಿದೆ. ಹತ್ತನೆಯದರ ನಂತರ ನಮ್ಮ ಮಕ್ಕಳಲ್ಲಿ ಹೆಚ್ಚಿನವರು ತಮಿಳು ಅಥವಾ ಇಂಗ್ಲಿಷ್ ಮಾಧ್ಯಮಕ್ಕೇ ಹೋಗಬೇಕು. ಆದ್ದರಿಂದ ದ್ಯುತಿಸಂಶ್ಲೇಷಣೆಯ ಪಕ್ಕದಲ್ಲಿ ‘ಒಳಿಚ್ಚೇರ್ಕೈ’ಯೂ ಇರಲಿ, ‘ಫೋಟೊಸಿಂಥೆಸಿಸ್’ ಕೂಡ ಇರಲಿ. ಮಕ್ಕಳೇ ಕೂಡಿಸಿದ ಇಂಥ ಮೂರು ಭಾಷೆಯ ಪದಪಟ್ಟಿ ಹನ್ನೊಂದನೇ ತರಗತಿಯ ಮೊದಲ ತಿಂಗಳಲ್ಲಿ ಅವರ ಕೈಹಿಡಿಯುತ್ತದೆ.

ನಡೆಸುವ ಕ್ರಮ ಸರಳವಾಗಿರಲಿ. ಕೂಟಕ್ಕೆ ಇಪ್ಪತ್ತೈದು ಮಕ್ಕಳು ಸಾಕು. ದಿನಕ್ಕೆ ಒಂದೇ ಪ್ರಶ್ನೆ. ಮೊದಲು ಮಕ್ಕಳು ಉತ್ತರಿಸಲಿ, ಶಿಕ್ಷಕರು ಕೊನೆಗೆ ಮಾತಾಡಲಿ. ಫೋನು ಅಪ್ಪನದು, ಅವರು ಕೂಲಿಯಿಂದಲೋ ಕಾರ್ಖಾನೆಯ ಶಿಫ್ಟಿನಿಂದಲೋ ಬರುವ ಹೊತ್ತು ನೋಡಿ ಸಮಯ ಗೊತ್ತುಮಾಡಬೇಕು. ದೊಡ್ಡ ವಿಡಿಯೊಗಿಂತ ಎರಡು ನಿಮಿಷದ ಧ್ವನಿ ಮೇಲು, ಡೇಟಾ ಉಳಿಯುತ್ತದೆ. ಫೋನಿಲ್ಲದ ಮಗು ನೋಟ್‌ಬುಕ್ಕಿನಲ್ಲಿ ಬರೆದದ್ದನ್ನು ಶಿಕ್ಷಕರೇ ಫೋಟೊ ತೆಗೆದು ಹಾಕಲಿ. ಹೆಣ್ಣುಮಕ್ಕಳ ಮನೆಯ ನಂಬರು ಅಪರಿಚಿತರಿಗೆ ಸಿಗದಂತೆ, ಶಿಕ್ಷಕರು ಗುರುತಿಸಿದವರನ್ನು ಮಾತ್ರ ಸೇರಿಸಿಕೊಳ್ಳಬೇಕು.

ಒಂದು ಎಚ್ಚರಿಕೆಯ ಮಾತು. ಕೂಟ ಚೆನ್ನಾಗಿ ನಡೆಯುತ್ತಿದೆ ಎಂದು ಖಾಲಿ ಬಿದ್ದ ಕನ್ನಡ ಶಿಕ್ಷಕರ ಹುದ್ದೆಯನ್ನು ಹಾಗೇ ಬಿಡಲು ಯಾವ ಅಧಿಕಾರಿಗೂ ನೆಪ ಸಿಗಬಾರದು. ತರಗತಿಯಲ್ಲಿ ಗುರುವಿಲ್ಲದಿದ್ದರೆ ಫೋನಿನ ಕೂಟ ಆರು ತಿಂಗಳೂ ಬಾಳದು. ಹುದ್ದೆಯ ಬೇಡಿಕೆಯನ್ನು ಬಿಡದೆ ಕೂಟವನ್ನೂ ಕಟ್ಟಬೇಕು.

ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರಕ್ಕೂ ಒಂದು ವಿನಂತಿ: ತಮಿಳುನಾಡಿನ ಪಠ್ಯವನ್ನೇ ಹಿಡಿದು, ಇಲ್ಲಿ ಕಲಿಸುತ್ತಿರುವ ಶಿಕ್ಷಕರಿಂದಲೇ ಕನ್ನಡದಲ್ಲಿ ಪಾಠ ಧ್ವನಿಮುದ್ರಿಸಲು ನೆರವು ಕೊಡಿ. ಈ ಶಾಲೆಗಳಲ್ಲಿ ಓದಿ ಬೆಂಗಳೂರಿನಲ್ಲಿ ನೆಲೆಸಿರುವವರೇ, ನಿಮ್ಮಿಂದ ಹಣಕ್ಕಿಂತ ಸಮಯ ಬೇಕು. ವಾರಕ್ಕೆ ಅರ್ಧ ಗಂಟೆ ಗಣಿತದ ಒಂದು ಪ್ರಶ್ನೆಗೆ ಜೊತೆ ಕೂರಿ. ಶಿಕ್ಷಕ ಮಿತ್ರರೇ, ಈ ಸೋಮವಾರ ವಿಡಿಯೊ ಕಳಿಸಬೇಡಿ. ಒಂದು ಪ್ರಶ್ನೆ ಹಾಕಿ, ಮಗುವಿನ ದನಿ ಬರುವವರೆಗೆ ಕಾಯಿರಿ.